ವೀಲ್‌ಚೇರ್ ಸ್ಟಿಕ್ಕರ್ ಇದ್ದರೂ ನೋ ಪಾರ್ಕಿಂಗ್ ದಂಡ ಬೀಳುತ್ತಾ?

ಪ್ರಶ್ನೆ: ನಾನು ಮಂಡ್ಯದಲ್ಲಿ ಶಿಕ್ಷಕಿ. ಚಿಕ್ಕಂದಿನಲ್ಲಿ ಪೋಲಿಯೊ ಆಗಿ ಎಡಗಾಲಿನಲ್ಲಿ ಶಕ್ತಿ ಇಲ್ಲ. ಕ್ಯಾಲಿಪರ್ (ಮೊಣಕಾಲಿನ ಹತ್ತಿರ ಲಾಕ್ ಆಗುವ ಲೋಹದ ಆಸರೆ) ಹಾಕಿಕೊಂಡು ಊರುಗೋಲಿನಲ್ಲಿ ನಡೆಯುತ್ತೇನೆ. ಆಟೋಮ್ಯಾಟಿಕ್ ಗೇರಿನ ಕಾರನ್ನು ನಾನೇ ಓಡಿಸುತ್ತೇನೆ. ಮೈಸೂರಿನ ಒಂದು ಖಾಸಗಿ ಆಸ್ಪತ್ರೆಗೆ ಆಗಾಗ ಹೋಗಬೇಕು. ಕಾಂಪೌಂಡಿನ ಒಳಗೆ ವಿಕಲಚೇತನರಿಗೆ ಅಂತ ಒಂದೇ ಒಂದು ಜಾಗ ಇದೆ. ಅಲ್ಲಿ ಯಾವಾಗಲೂ ಯಾರದೋ ಕಾರು. ಕಳೆದ ಸಲ ಬೇರೆ ದಾರಿ ಕಾಣದೆ ಗೇಟಿನ ಪಕ್ಕದ ನೋ ಪಾರ್ಕಿಂಗ್ ಬೋರ್ಡಿನ ಕೆಳಗೆ ನಿಲ್ಲಿಸಿದೆ. ವಾಪಸ್ ಬಂದರೆ ಚಕ್ರಕ್ಕೆ ಲಾಕ್! ಗಾಜಿನ ಮೇಲೆ ವೀಲ್‌ಚೇರ್ ಸ್ಟಿಕ್ಕರ್ ತೋರಿಸಿದರೂ ಬಿಡಲಿಲ್ಲ, ದಂಡ ಕಟ್ಟಿಸಿಕೊಂಡರು. ಇಂಗ್ಲೆಂಡಿನಲ್ಲಿರುವ ತಮ್ಮ, ಅಲ್ಲಿ ವಿಕಲಚೇತನರಿಗೆ ಕೊಡುವ ಬ್ಲೂ ಬ್ಯಾಡ್ಜ್ ಅನ್ನುವ ಪಾರ್ಕಿಂಗ್ ಪರವಾನಗಿ ಇದ್ದವರು, ಗಾಡಿ ನಿಲ್ಲಿಸಬಾರದು ಅಂತ ಎಳೆದ ಹಳದಿ ಗೆರೆ ಮೇಲೂ ನಿಲ್ಲಿಸಬಹುದು ಅನ್ನುತ್ತಾನೆ. ನಮಗೆ ಅಂಥ ವಿನಾಯಿತಿ ಇಲ್ಲವಾ? ಸೈಡ್ ವೀಲ್ ಸ್ಕೂಟರ್ ಓಡಿಸುವ ನನ್ನ ಸಹೋದ್ಯೋಗಿಯದೂ ಇದೇ ಗೋಳು.

ಉತ್ತರ: ಮೊದಲು ಕಹಿ ಮಾತು ಹೇಳಿಬಿಡುತ್ತೇನೆ. ಆ ದಂಡ ಕಾನೂನಿನ ಪ್ರಕಾರ ಸರಿಯಾಗಿಯೇ ಇದೆ. ನಮ್ಮ ದೇಶದಲ್ಲಿ ವಿಕಲಚೇತನ ಚಾಲಕರಿಗೆ ನೋ ಪಾರ್ಕಿಂಗ್ ನಿಯಮದಿಂದ ವಿನಾಯಿತಿ ಇಲ್ಲ. ಮೋಟಾರು ವಾಹನ ಕಾಯ್ದೆಯಲ್ಲೂ ಇಲ್ಲ, 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲೂ ಇಲ್ಲ. ಈ ವೀಲ್‌ಚೇರ್ ಸ್ಟಿಕ್ಕರ್ ಯಾವ ಕಚೇರಿಯ ಪರವಾನಗಿಯೂ ಅಲ್ಲ. ಬಿಡಿಭಾಗದ ಅಂಗಡಿಯಲ್ಲಿ ಯಾರು ಬೇಕಾದರೂ ಕೊಂಡು ಅಂಟಿಸಿಕೊಳ್ಳಬಹುದು. ಹಿಂದಿನ ಗಾಡಿಯವರು ಸ್ವಲ್ಪ ದೂರ ಇರಲಿ, ಹಾರ್ನ್ ಹೊಡೆದು ಗಾಬರಿ ಮಾಡದಿರಲಿ ಅನ್ನುವುದಕ್ಕೆ ಅದು ಒಳ್ಳೆಯದೇ. ಪೊಲೀಸರ ಮುಂದೆ ಅದಕ್ಕೆ ಬೆಲೆ ಇಲ್ಲ.

ಆದರೆ ಇಷ್ಟಕ್ಕೇ ಕೈಚೆಲ್ಲಬೇಡಿ. ನಿಮಗೆ ನಿಜವಾಗಿ ಅನ್ಯಾಯ ಆಗಿದ್ದು ಗೇಟಿನ ಹೊರಗೆ ಅಲ್ಲ, ಒಳಗೆ. ರಸ್ತೆಯಲ್ಲಿ ನಿಲ್ಲಿಸಲು ವಿನಾಯಿತಿ ಕೇಳಿದರೆ ನಿಮ್ಮ ಕೈಯಲ್ಲಿ ಏನೂ ಇಲ್ಲ. ಬಾಗಿಲ ಹತ್ತಿರ ಮೀಸಲು ಜಾಗ ಕೇಳಿದರೆ ಗಟ್ಟಿ ಕಾನೂನೇ ನಿಮ್ಮ ಬೆನ್ನಿಗಿದೆ. ಜಗಳ ಆಡುವುದಾದರೆ ಎರಡನೆಯದಕ್ಕೆ ಆಡಿ ಅನ್ನುವುದು ನನ್ನ ಸಲಹೆ.

ತಮ್ಮ ಹೇಳಿದ ಬ್ಲೂ ಬ್ಯಾಡ್ಜ್ ವಿಷಯ ನೋಡೋಣ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಆ ಬ್ಯಾಡ್ಜ್ ಇದ್ದವರು ಒಂಟಿ ಅಥವಾ ಜೋಡಿ ಹಳದಿ ಗೆರೆಯ ಮೇಲೆ 3 ಗಂಟೆವರೆಗೆ ನಿಲ್ಲಿಸಬಹುದು, ನಿಜ. ಜೊತೆಗೆ ಕೊಟ್ಟಿರುವ ರಟ್ಟಿನ ಗಡಿಯಾರದಲ್ಲಿ ಬಂದ ಹೊತ್ತನ್ನು ತಿರುಗಿಸಿಟ್ಟು ಡ್ಯಾಶ್‌ಬೋರ್ಡಿನ ಮೇಲೆ ಕಾಣುವಂತೆ ಇಡಬೇಕು. ಸರಕು ಇಳಿಸುವುದನ್ನೂ ನಿಷೇಧಿಸಿದ ಕಡೆ ಈ ರಿಯಾಯಿತಿ ಇಲ್ಲ. ಬೇರೆಯವರ ದಾರಿಗೆ ಅಡ್ಡ ಆದರೂ ಇಲ್ಲ. ಖಾಸಗಿ ಪಾರ್ಕಿಂಗ್ ಜಾಗಕ್ಕೆ ಅದು ಅನ್ವಯಿಸುವುದೇ ಇಲ್ಲ, ಅಲ್ಲಿ ಮಾಲೀಕರ ನಿಯಮವೇ ನಿಯಮ. ಅಂದರೆ ಅಲ್ಲೂ ಎಲ್ಲೆಂದರಲ್ಲಿ ನಿಲ್ಲಿಸುವಂತಿಲ್ಲ. ಆದರೆ ಒಂದು ವಿಷಯದಲ್ಲಿ ಅವರು ನಮಗಿಂತ ಜಾಣರು. ಬ್ಯಾಡ್ಜನ್ನು ಮನುಷ್ಯನಿಗೆ ಕೊಡುತ್ತಾರೆ, ಕಾರಿಗಲ್ಲ. ಹಿಂಭಾಗದಲ್ಲಿ ಅವರ ಫೋಟೋ ಇರುತ್ತದೆ. ಇವತ್ತು ಅಕ್ಕನ ಕಾರು, ನಾಳೆ ಗೆಳತಿಯ ಕಾರು, ಬ್ಯಾಡ್ಜ್ ಅವರ ಜೊತೆಗೇ ಹೋಗುತ್ತದೆ. ನಮ್ಮಲ್ಲಿ ಗಾಜಿಗೆ ಅಂಟಿಸಿ ಕೂರುತ್ತೇವೆ. ಆಮೇಲೆ ಮಗನೋ ಅಳಿಯನೋ ಅದೇ ಕಾರಿನಲ್ಲಿ ಸಿನಿಮಾಗೆ ಹೋಗಿ ಮೀಸಲು ಜಾಗದಲ್ಲಿ ನಿಲ್ಲಿಸುತ್ತಾರೆ. ಇದನ್ನು ನಮ್ಮವರೇ ಮಾಡುತ್ತಾರೆ ಅಂತ ಬೇಜಾರಿನಿಂದಲೇ ಹೇಳುತ್ತಿದ್ದೇನೆ.

ಅಂದ ಹಾಗೆ, ನಮ್ಮಲ್ಲೂ ಒಂದು ನೀಲಿ ಇದೆ. ಯುಡಿಐಡಿ, ಅಂದರೆ ವಿಕಲಚೇತನರಿಗೆ ಸರ್ಕಾರ ಕೊಡುವ ಗುರುತಿನ ಕಾರ್ಡಿನ ಮೇಲೆ ಬಣ್ಣದ ಪಟ್ಟಿ ಇರುತ್ತದೆ. ಶೇ 40ಕ್ಕಿಂತ ಕಡಿಮೆ ವೈಕಲ್ಯಕ್ಕೆ ಬಿಳಿ, 40ರಿಂದ 80ರ ಒಳಗೆ ಹಳದಿ, 80 ಮತ್ತು ಮೇಲಕ್ಕೆ ನೀಲಿ. ಆ ನೀಲಿಗೂ ಪಾರ್ಕಿಂಗಿಗೂ ಸಂಬಂಧ ಇಲ್ಲ.

ಈಗ ಬೋರ್ಡಿನ ವಿಷಯ. ಇದು ಗೊತ್ತಿದ್ದರೆ ಅರ್ಧ ತಲೆನೋವು ಕಡಿಮೆ. ನೀಲಿ ವೃತ್ತಕ್ಕೆ ಕೆಂಪು ಅಂಚು, ಒಳಗೆ ಒಂದೇ ಒಂದು ಓರೆ ಕೆಂಪು ಗೆರೆ ಇದ್ದರೆ ನೋ ಪಾರ್ಕಿಂಗ್. ಅಲ್ಲಿ ಗಾಡಿ ಬಿಟ್ಟು ಹೋಗುವಂತಿಲ್ಲ. ಆದರೆ ಜನರನ್ನು ಇಳಿಸಿ, ಹತ್ತಿಸಿ ಹೊರಡಲು ಅಡ್ಡಿ ಇಲ್ಲ. ಅದೇ ವೃತ್ತದಲ್ಲಿ ಎರಡು ಕೆಂಪು ಗೆರೆಗಳು ಒಂದರ ಮೇಲೊಂದು ಹಾದು ಗುಣಾಕಾರದ ಚಿಹ್ನೆ ಥರ ಇದ್ದರೆ ಅಲ್ಲಿ ನಿಲ್ಲುವುದೇ ತಪ್ಪು. ಎಂಜಿನ್ ಚಾಲೂ ಇದ್ದರೂ, ಚಾಲಕ ಸೀಟಿನಲ್ಲೇ ಇದ್ದರೂ ತಪ್ಪೇ. ಯಾರಾದರೂ ಜೊತೆಗಿದ್ದರೆ ನೋ ಪಾರ್ಕಿಂಗ್ ಬೋರ್ಡಿನ ಮುಂದೆ ನೀವು ನಿಧಾನಕ್ಕೆ ಇಳಿಯಬಹುದು, ಅವರು ಕಾರನ್ನು ಮುಂದೆ ತೆಗೆದುಕೊಂಡು ಹೋಗಬಹುದು. ಕ್ಯಾಲಿಪರ್ ಲಾಕ್ ಮಾಡಿಕೊಂಡು ಇಳಿಯಲು ಒಂದೆರಡು ನಿಮಿಷ ಹಿಡಿಯುತ್ತದೆ, ಅದಕ್ಕೆ ಯಾರೂ ಆಕ್ಷೇಪ ಮಾಡುವಂತಿಲ್ಲ. ಕಷ್ಟ ಏನೆಂದರೆ ನೀವು ಒಬ್ಬರೇ ಬರುತ್ತೀರಿ. ಇಳಿಯುವವರೂ ನೀವೇ, ಕಾರು ತೆಗೆಯಬೇಕಾದವರೂ ನೀವೇ. ಈ ನಿಯಮ ಬರೆದವರು ವಿಕಲಚೇತನರು ಅಂದರೆ ಹಿಂದಿನ ಸೀಟಿನಲ್ಲಿ ಕೂತು ಬರುವವರು ಅಂತಲೇ ಅಂದುಕೊಂಡಿದ್ದರು ಅಂತ ನನ್ನ ಗುಮಾನಿ.

ಇನ್ನು ಬೋರ್ಡೇ ಇಲ್ಲದ ಕಡೆಯೂ ನಿಷೇಧ ಇರುತ್ತದೆ. 2017ರ ಮೋಟಾರು ವಾಹನ ಚಾಲನಾ ನಿಯಮಗಳ ಪ್ರಕಾರ ಫುಟ್‌ಪಾತ್ ಮೇಲೆ, ಜೀಬ್ರಾ ಪಟ್ಟಿಯ ಮೇಲೆ, ಬಸ್ ಸ್ಟಾಪ್ ಹತ್ತಿರ, ಶಾಲೆ ಮತ್ತು ಆಸ್ಪತ್ರೆಯ ಬಾಗಿಲಲ್ಲಿ, ಸರ್ಕಲ್ಲಿನಿಂದ 50 ಮೀಟರ್ ಒಳಗೆ, ಇನ್ನೊಂದು ಗಾಡಿಯ ಪಕ್ಕ ಎರಡನೇ ಸಾಲಾಗಿ ನಿಲ್ಲಿಸಬಾರದು. ಆಸ್ಪತ್ರೆಯ ಬಾಗಿಲು ಅಂದಾಗ ಗಮನಿಸಿದಿರಲ್ಲ? ಆ ಬೋರ್ಡ್ ಇರದಿದ್ದರೂ ಗೇಟಿನ ಪಕ್ಕ ನಿಮಗೆ ದಂಡ ಬೀಳಬಹುದಿತ್ತು. ಆಂಬುಲೆನ್ಸ್ ಬರುವ ದಾರಿ, ಅಲ್ವಾ. 50 ಮೀಟರ್ ಲೆಕ್ಕ ಹಿಡಿದರೆ ಮೈಸೂರಿನ ಕೆ.ಆರ್. ಸರ್ಕಲ್ ಸುತ್ತ, ಮಂಡ್ಯದ ಮಹಾವೀರ ಸರ್ಕಲ್ ಸುತ್ತ ಕಾರು ನಿಲ್ಲಿಸಲು ಜಾಗ ಹುಡುಕುವುದೇ ವ್ಯರ್ಥ. ಒಂದು ದಿನ ಈ ಬದಿ, ಮರುದಿನ ಆ ಬದಿ ಅಂತ ಸಮ-ಬೆಸ ತಾರೀಖಿನ ಬೋರ್ಡ್ ಇರುವ ಬೀದಿಗಳಲ್ಲಿ ಬೋರ್ಡಿನ ಕೆಳಗಿನ ಚಿಕ್ಕ ಅಕ್ಷರ ಓದಿ. ಆ ನಿಯಮವೂ ನಮಗೆ ಅನ್ವಯಿಸುತ್ತದೆ.

ದಸರಾ ಸಮಯದ ತಾತ್ಕಾಲಿಕ ಆದೇಶಗಳೂ ಅಷ್ಟೇ. ಅರಮನೆ ಸುತ್ತ ಏಕಮುಖ ಸಂಚಾರ, ನೋ ಪಾರ್ಕಿಂಗ್ ಅಂತ ಪೊಲೀಸ್ ಕಮಿಷನರ್ ಆದೇಶ ಹೊರಡಿಸುತ್ತಾರೆ, ಪತ್ರಿಕೆಗಳಲ್ಲಿ ಬರುತ್ತದೆ. ಜಂಬೂಸವಾರಿಯ ದಿನ ಅರಮನೆಯಿಂದ ಸಯ್ಯಾಜಿರಾವ್ ರಸ್ತೆ ಹಿಡಿದು ಬನ್ನಿಮಂಟಪದವರೆಗೆ ಕಾರಿನ ಮಾತೇ ಬೇಡ.

ಸರಿ, ನಿಮ್ಮ ಆಸ್ಪತ್ರೆಗೆ ಬರೋಣ. 2016ರ ಕಾಯ್ದೆಯಲ್ಲಿ 'ಸಾರ್ವಜನಿಕ ಕಟ್ಟಡ' ಅಂದರೆ ಬರೀ ಸರ್ಕಾರಿ ಕಟ್ಟಡ ಅಲ್ಲ. ಜನ ಬಂದು ಹೋಗುವ ಖಾಸಗಿ ಕಟ್ಟಡವೂ ಅದರಲ್ಲಿ ಸೇರಿದೆ. ಆಸ್ಪತ್ರೆ, ಅಂಗಡಿ ಮಳಿಗೆ, ಕಾಲೇಜು, ದೇವಸ್ಥಾನ, ಕೋರ್ಟು, ಬಸ್ ನಿಲ್ದಾಣ ಎಲ್ಲವೂ. ಅದರ 45ನೇ ಸೆಕ್ಷನ್ ಪ್ರಕಾರ ಹಳೇ ಸಾರ್ವಜನಿಕ ಕಟ್ಟಡಗಳನ್ನು ನಿಯಮ ಬಂದ 5 ವರ್ಷದೊಳಗೆ ವಿಕಲಚೇತನರಿಗೆ ಅನುಕೂಲ ಆಗುವಂತೆ ಬದಲಿಸಬೇಕಿತ್ತು. ಕೇಂದ್ರದ ನಿಯಮಗಳು ಬಂದಿದ್ದು ಜೂನ್ 2017ರಲ್ಲಿ. ಅಂದರೆ ಆ ಗಡುವು 2022ರಲ್ಲೇ ಮುಗಿದಿದೆ. ಹೊಸ ಕಟ್ಟಡವಾದರೆ 44ನೇ ಸೆಕ್ಷನ್: ಈ ಸೌಲಭ್ಯ ಇಲ್ಲದ ನಕ್ಷೆಗೆ ಅನುಮತಿಯೇ ಕೊಡಬಾರದು. ಇನ್ನು 25ನೇ ಸೆಕ್ಷನ್ ನೇರವಾಗಿ ನಿಮ್ಮದು. ಸರ್ಕಾರಿ ಮತ್ತು ಖಾಸಗಿ ಆಸ್ಪತ್ರೆಗಳ ಎಲ್ಲಾ ಭಾಗಕ್ಕೂ ಅಡೆತಡೆ ಇಲ್ಲದೆ ಹೋಗುವಂತಿರಬೇಕು ಅಂತ ಅದು ಹೇಳುತ್ತದೆ. ಪಾರ್ಕಿಂಗ್ ಜಾಗದಿಂದಲೇ ಒಳಗೆ ಬರಲಾಗದಿದ್ದರೆ ಉಳಿದ ಭಾಗದ ಮಾತೆಲ್ಲಿ?

ಜಾಗ ಎಷ್ಟಿರಬೇಕು? ಕೇಂದ್ರದ 2016ರ ಮಾದರಿ ಕಟ್ಟಡ ಬೈಲಾ ಪ್ರಕಾರ ಬಾಗಿಲ ಹತ್ತಿರ ಎರಡು ಕಾರಿನ ಜಾಗ ಮೀಸಲಿಡಬೇಕು. ಅಲ್ಲಿಂದ ಬಾಗಿಲಿಗೆ 30 ಮೀಟರಿಗಿಂತ ಜಾಸ್ತಿ ದೂರ ಇರಬಾರದು. ಅಗಲ ಕನಿಷ್ಠ 3.6 ಮೀಟರ್. ಕಣ್ಣಿಗೆ ಕಾಣುವ ಬೋರ್ಡ್ ಇರಬೇಕು. ಈ ಅಗಲದ ವಿಷಯವನ್ನೇ ಹೆಚ್ಚಿನವರು ಮರೆಯುತ್ತಾರೆ. ಸಾಮಾನ್ಯ ಕಾರಿನ ಜಾಗ 2.5 ಮೀಟರ್ ಅಗಲ. ಅದಕ್ಕೇ ನೀಲಿ ಬಣ್ಣ ಬಳಿದು ವೀಲ್‌ಚೇರ್ ಚಿತ್ರ ಬರೆದು ಕೈತೊಳೆದುಕೊಳ್ಳುತ್ತಾರೆ. ಅಂಥ ಜಾಗದಲ್ಲಿ ನಿಲ್ಲಿಸಿದರೆ ಬಾಗಿಲು ಅರ್ಧ ತೆರೆಯುತ್ತದೆ, ಅಷ್ಟೆ. ಕ್ಯಾಲಿಪರ್ ಹಾಕಿದ ಕಾಲು ತಾನಾಗಿ ಏಳುವುದಿಲ್ಲ. ಬಾಗಿಲು ಪೂರ್ತಿ ತೆರೆದು, ಸೀಟು ಹಿಂದೆ ಸರಿಸಿ, ಕಾಲನ್ನು ಕೈಯಲ್ಲಿ ಎತ್ತಿ ಹೊರಗಿಟ್ಟು, ಆಮೇಲೆ ಲಾಕ್ ಮಾಡಿ ಏಳಬೇಕು. ಇದು ನಿಮಗೆ ನಾನು ಹೇಳಬೇಕಾ? ಆದರೆ ಆಸ್ಪತ್ರೆಯ ಆಡಳಿತದವರಿಗೆ ಹೇಳಬೇಕು. ವೀಲ್‌ಚೇರ್‌ನಲ್ಲಿ ಓಡಾಡುವ ಚಾಲಕರಿಗೆ ಇನ್ನೂ ಕಷ್ಟ. ಪಕ್ಕದ ಸೀಟಿನಲ್ಲಿಟ್ಟ ಕುರ್ಚಿಯ ಚೌಕಟ್ಟನ್ನು ಎದೆಯ ಮೇಲಿಂದ ಎಳೆದು ಹೊರಗಿಟ್ಟು, ಒಂದೊಂದೇ ಚಕ್ರ ಸಿಕ್ಕಿಸಿ, ಅದಕ್ಕೆ ಜಾರಿಕೊಳ್ಳಬೇಕು. ಹೆಚ್ಚುವರಿ 1.1 ಮೀಟರ್ ಇರುವುದು ಇದಕ್ಕೇ. ಅಲ್ಲಿ ಒಂದು ಬೈಕ್ ನಿಲ್ಲಿಸಿದರೂ ಇಡೀ ಜಾಗ ವ್ಯರ್ಥ. ವಾಚ್‌ಮನ್ ಪಾಪ, ಕಾರಿಗೆ ಜಾಗ ಇದೆಯಲ್ಲ ಮೇಡಂ ಅನ್ನುತ್ತಾರೆ.

ಇಷ್ಟೆಲ್ಲಾ ಇದ್ದೂ ಯಾಕೆ ಜಾರಿ ಆಗಿಲ್ಲ ಅಂದರೆ, ಈ ಕಾಯ್ದೆಯ 2017ರ ನಿಯಮಗಳನ್ನೇ ಸಡಿಲವಾಗಿ ಬರೆಯಲಾಗಿತ್ತು. ಮಾನದಂಡಗಳು ಕಡ್ಡಾಯವೋ ಸಲಹೆಯೋ ಅನ್ನುವ ಗೊಂದಲ. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹಿಡಿದು ಕೇಳಿತು. ಕಾಯ್ದೆ ಕಡ್ಡಾಯ ಅನ್ನುವಾಗ ನಿಯಮ ಬರೀ ಸಲಹೆ ಕೊಟ್ಟರೆ ಹೇಗೆ ಅಂತ 15(1)ನೇ ನಿಯಮವನ್ನು ರದ್ದು ಮಾಡಿತು. ಕಡ್ಡಾಯವಾಗಿ ಪಾಲಿಸಬೇಕಾದ ಮಾನದಂಡಗಳನ್ನು ಮೂರು ತಿಂಗಳಲ್ಲಿ ಬೇರೆಯಾಗಿ ರೂಪಿಸಲು ಕೇಂದ್ರಕ್ಕೆ ಹೇಳಿತು. ನಿಮ್ಮ ಪತ್ರದಲ್ಲಿ ಈ ತೀರ್ಪಿನ ಹೆಸರು ಹಾಕಿ. ಆಡಳಿತದವರು ಅದನ್ನು ವಕೀಲರ ಹತ್ತಿರ ತೆಗೆದುಕೊಂಡು ಹೋಗುತ್ತಾರೆ, ಅಲ್ಲಿಗೆ ಅರ್ಧ ಕೆಲಸ ಆದಂತೆ.

ಹೌದು, ಮೊದಲ ಹೆಜ್ಜೆ ಪತ್ರವೇ. ಒಂದು ವಿಷಯ ತಿಳಿದಿರಲಿ. ಗೇಟಿನ ಹೊರಗೆ ಟ್ರಾಫಿಕ್ ಪೊಲೀಸರ ಅಧಿಕಾರ, ಕಾಂಪೌಂಡಿನ ಒಳಗೆ ಆಡಳಿತದವರ ಹೊಣೆ. ಒಳಗಿನ ಮೀಸಲು ಜಾಗದಲ್ಲಿ ಬೇರೆ ಕಾರು ನಿಂತಿದೆ ಅಂತ ಪೊಲೀಸರಿಗೆ ಫೋನ್ ಮಾಡಿದರೆ ಅದು ಖಾಸಗಿ ಜಾಗ ಅಂತ ನುಣುಚಿಕೊಳ್ಳುವ ಸಾಧ್ಯತೆಯೇ ಜಾಸ್ತಿ. ಅದೇ ರಸ್ತೆ ಬದಿಯಲ್ಲಿ ವಿಕಲಚೇತನರಿಗೆ ಅಂತ ಗುರುತು ಮಾಡಿದ ಜಾಗವಾದರೆ ಪೊಲೀಸರೇ ದಂಡ ಹಾಕಬಹುದು. ಹಾಗಾಗಿ ಆಸ್ಪತ್ರೆಗೆ ಬರೆಯಿರಿ. ಮೀಸಲು ಜಾಗದಲ್ಲಿ ನಿಂತ ಕಾರಿನ ಫೋಟೋ, ದಿನಾಂಕ, ಹೊತ್ತು ಇರಲಿ. ಟೇಪು ಹಿಡಿದು ಆ ಜಾಗದ ಅಗಲ ಅಳೆದು ಬರೆಯಿರಿ, ಬಾಗಿಲಿಗೆ ಇರುವ ದೂರವನ್ನೂ ಬರೆಯಿರಿ. 'ತೊಂದರೆ ಆಗುತ್ತಿದೆ' ಅನ್ನುವುದಕ್ಕಿಂತ '2.4 ಮೀಟರ್ ಇದೆ, 3.6 ಬೇಕು' ಅನ್ನುವುದಕ್ಕೆ ಉತ್ತರ ಕೊಡದೆ ತಪ್ಪಿಸಿಕೊಳ್ಳುವುದು ಕಷ್ಟ. ಕೇಳುವುದು ಮೂರೇ: ಎರಡು ಜಾಗ, ಸರಿಯಾದ ಅಗಲ, ಅದನ್ನು ಕಾಯುವ ಹೊಣೆ ಒಬ್ಬ ಸಿಬ್ಬಂದಿಗೆ. ಜಾಗ ಬರೆದು ಕಾಯಲು ಯಾರೂ ಇಲ್ಲದಿದ್ದರೆ ಅದು ಡಾಕ್ಟರ ಕಾರಿಗೇ ಹೋಗುತ್ತದೆ, ನೋಡುತ್ತಲೇ ಇದ್ದೇವೆ.

ಉತ್ತರ ಬರದಿದ್ದರೆ ಅದೇ ಪತ್ರದ ಪ್ರತಿ ಜೋಡಿಸಿ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗೆ ಕೊಡಿ. ಆಸ್ಪತ್ರೆ ಮೈಸೂರಿನಲ್ಲಿರುವುದರಿಂದ ಮೈಸೂರು ಜಿಲ್ಲೆಯವರಿಗೆ ಕೊಡಬೇಕು, ಮಂಡ್ಯದವರಿಗಲ್ಲ. ಅದರ ಮೇಲೆ ಬೆಂಗಳೂರಿನಲ್ಲಿ ವಿಕಲಚೇತನರ ರಾಜ್ಯ ಆಯುಕ್ತರಿದ್ದಾರೆ. ಅವರಿಗೆ ಸಂಬಂಧಪಟ್ಟವರನ್ನು ಕರೆಸಿ ವಿಚಾರಿಸುವ, ದಾಖಲೆ ತರಿಸಿಕೊಳ್ಳುವ ಅಧಿಕಾರ ಇದೆ. ಕಾಯ್ದೆಯ 89ನೇ ಸೆಕ್ಷನ್ನಿನಲ್ಲಿ ಮೊದಲ ಉಲ್ಲಂಘನೆಗೆ 10,000 ರೂಪಾಯಿವರೆಗೆ, ಮತ್ತೆ ಮಾಡಿದರೆ 50,000ದಿಂದ 5 ಲಕ್ಷದವರೆಗೆ ದಂಡ ಇದೆ. ಸುಗಮ್ಯ ಭಾರತ್ ಅನ್ನುವ ಆ್ಯಪ್‌ನಲ್ಲೂ ಫೋಟೋ ಸಮೇತ ದೂರು ಹಾಕಬಹುದು. ಆದರೆ ಅದನ್ನೇ ನಂಬಿ ಕೂರಬೇಡಿ, ಕಾಗದದ ಮೇಲಿನ ಸ್ವೀಕೃತಿ ಮುದ್ರೆಗೆ ಇರುವ ತೂಕವೇ ಬೇರೆ.

ಕೆಲವು ಕಡೆ 'ಇದು ಪಾರಂಪರಿಕ ಕಟ್ಟಡ, ಏನೂ ಬದಲಿಸುವಂತಿಲ್ಲ' ಅನ್ನುವ ನೆಪ ಬರುತ್ತದೆ. ಮೈಸೂರಿನಲ್ಲಿ ಇದು ಸ್ವಲ್ಪ ಜಾಸ್ತಿಯೇ. ಅಂಗಳದಲ್ಲಿ ನಾಲ್ಕು ಗೆರೆ ಎಳೆದರೆ ಯಾವ ಪರಂಪರೆಗೂ ಧಕ್ಕೆ ಆಗುವುದಿಲ್ಲ.

ನೀವು ಸರ್ಕಾರಿ ಶಾಲೆಯ ಶಿಕ್ಷಕಿಯಾಗಿದ್ದರೆ ಇನ್ನೊಂದು ಮಾತು. 20ನೇ ಸೆಕ್ಷನ್ ಪ್ರಕಾರ ಸರ್ಕಾರಿ ಸಂಸ್ಥೆ ತನ್ನ ವಿಕಲಚೇತನ ನೌಕರರಿಗೆ ಅಡೆತಡೆ ಇಲ್ಲದ ವಾತಾವರಣ ಕೊಡಲೇಬೇಕು. ಶಾಲೆಯ ಅಂಗಳದಲ್ಲಿ, ಬಿಇಒ ಕಚೇರಿಯಲ್ಲಿ ಬಾಗಿಲ ಹತ್ತಿರ ಕಾರಿಗೆ ಜಾಗ ಕೊಡಿ ಅಂತ ಬರೆದು ಕೇಳಬಹುದು. ಅದು ಕೃಪೆ ಅಲ್ಲ.

ಸ್ಟಿಕ್ಕರ್ ಬದಲು ಏನು ಇಟ್ಟುಕೊಳ್ಳಬೇಕು? ಯುಡಿಐಡಿ ಕಾರ್ಡಿನ ಅಸಲು ಪರ್ಸಿನಲ್ಲಿರಲಿ. ಕಾರ್ಡನ್ನು ಡ್ಯಾಶ್‌ಬೋರ್ಡಿನ ಮೇಲೆ ಇಟ್ಟು ಹೋಗಬೇಡಿ, ಅದರಲ್ಲಿ ನಿಮ್ಮ ಖಾಸಗಿ ವಿವರಗಳಿವೆ. ಆರ್‌ಸಿಯಲ್ಲಿ ಮಾಲೀಕತ್ವದ ವಿಧ 'ದಿವ್ಯಾಂಗಜನ' ಅಂತ ನಮೂದಾಗಿದೆಯಾ ನೋಡಿ. 2020ರ ಅಕ್ಟೋಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ನೋಂದಣಿಯ ಫಾರ್ಮ್ 20ರಲ್ಲಿ ಇದಕ್ಕೆ ಜಾಗ ಮಾಡಿದೆ. ಆಟೋಮ್ಯಾಟಿಕ್ ಕಾರಿಗೆ ಬೇರೆ ಮಾರ್ಪಾಡು ಇಲ್ಲದಿದ್ದರೂ ಮಾಲೀಕರು ವಿಕಲಚೇತನರು ಅನ್ನುವುದಕ್ಕೆ ಇದು ದಾಖಲೆ. ಪಾರ್ಕಿಂಗ್ ಕಾಯುವ ಹುಡುಗನ ಜೊತೆ ವಾದಕ್ಕೆ ನಿಂತಾಗ ಸ್ಟಿಕ್ಕರಿಗಿಂತ ಇದೇ ಕೆಲಸಕ್ಕೆ ಬರುತ್ತದೆ.

ಟೋಲ್ ಬೇರೆ ಲೆಕ್ಕ. ಮಂಡ್ಯದಿಂದ ಹೊಸ ಹೆದ್ದಾರಿಯಲ್ಲಿ ಬಂದರೆ ಗಣಂಗೂರಿನ ಟೋಲ್ ಸಿಗುತ್ತದಲ್ಲ, ಅಲ್ಲಿ ವಿನಾಯಿತಿ ಇರುವುದು ವಿಕಲಚೇತನರಿಗಾಗಿಯೇ ವಿಶೇಷವಾಗಿ ತಯಾರಾದ ವಾಹನಕ್ಕೆ. ಮಾಮೂಲಿ ಆಟೋಮ್ಯಾಟಿಕ್ ಕಾರಿಗೆ ಸಿಗುವುದಿಲ್ಲ.

ಈಗ ನಿಮ್ಮ ಸಹೋದ್ಯೋಗಿಯ ಸ್ಕೂಟರ್. ಇವರ ಕಷ್ಟದ ಬಗ್ಗೆ ಯಾವ ನಿಯಮವೂ ಸರಿಯಾಗಿ ಯೋಚಿಸಿಲ್ಲ. ಸೈಡ್ ವೀಲ್ ಇರುವುದರಿಂದ ಬೈಕಿನ ಗೆರೆಗಳ ನಡುವೆ ಕೂರುವುದಿಲ್ಲ. ಕಾರಿನ ಜಾಗದಲ್ಲಿ ನಿಲ್ಲಿಸಿದರೆ ಗಾಡಿ ತೆಗೀರಿ ಅಂತ ಗದರುತ್ತಾರೆ. ಹೇಗೋ ಬೈಕ್ ಸಾಲಿನ ಕೊನೆಯಲ್ಲಿ ನಿಲ್ಲಿಸಿ ಒಳಗೆ ಹೋದರೆ, ಬರುವಷ್ಟರಲ್ಲಿ ಎರಡೂ ಕಡೆ ಒಂದು ಗೇಣೂ ಬಿಡದೆ ಬೈಕ್‌ಗಳು. ಬೇರೆಯವರು ಬೈಕನ್ನು ಎತ್ತಿ ಸರಿಸಿ ಹೊರಡುತ್ತಾರೆ. ಇವರು ಊರುಗೋಲು ಊರಿಕೊಂಡು ಪಕ್ಕದ ಬೈಕ್ ಎತ್ತುವುದು ಹೇಗೆ? ಕೆಲವರು ಒಂದು ಉಪಾಯ ಮಾಡುತ್ತಾರೆ: ಹತ್ತುವ ಬದಿಯನ್ನು ಗೋಡೆಗೋ ಕಂಬಕ್ಕೋ ಎದುರಾಗಿ, ಸ್ವಲ್ಪವೇ ಜಾಗ ಬಿಟ್ಟು ನಿಲ್ಲಿಸುತ್ತಾರೆ. ಬೈಕ್ ನುಗ್ಗದಷ್ಟು, ತಾವು ನುಸುಳುವಷ್ಟು. ಮೀಸಲು ಜಾಗ ಇರುವ ಕಡೆ ಈ ಸ್ಕೂಟರಿಗೂ ಅದರಲ್ಲಿ ಹಕ್ಕಿದೆ ಅಂತಲೇ ನನ್ನ ವಾದ. 2019ರ ತಿದ್ದುಪಡಿ ಆದ ಮೇಲೆ ಮೋಟಾರು ವಾಹನ ಕಾಯ್ದೆಯಲ್ಲಿ 'ಮಾರ್ಪಡಿಸಿದ ವಾಹನ' ಅನ್ನುವ ವ್ಯಾಖ್ಯೆ ಬಂದಿದೆ. ಮಾಮೂಲಿ ಗಾಡಿಗೆ ವಿಕಲಚೇತನರಿಗಾಗಿ ಬದಲಾವಣೆ ಮಾಡಿಸಿದರೂ ಅದು ಅದರಲ್ಲಿ ಸೇರುತ್ತದೆ. ಆದರೆ ಆ ಬದಲಾವಣೆ ಆರ್‌ಸಿಯಲ್ಲಿ ನಮೂದಾಗಿರಬೇಕು. ಗ್ಯಾರೇಜಿನಲ್ಲಿ ಸುಮ್ನೆ ಚಕ್ರ ಹಾಕಿಸಿ ಓಡಿಸುತ್ತಿದ್ದರೆ ಮೊದಲು ಆರ್‌ಟಿಒ ಕೆಲಸ ಮುಗಿಸಿಕೊಳ್ಳಲಿ. ಇಲ್ಲದಿದ್ದರೆ ಅಪಘಾತ ಆದಾಗ ವಿಮೆಯವರೂ ತಕರಾರು ತೆಗೆಯುತ್ತಾರೆ. ಹಾಗೆಯೇ 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ಬೈಕು, ಸ್ಕೂಟರ್, ಆಟೋ ನಿಷೇಧ. ಮೈಸೂರಿಗೆ ಬರುವುದಾದರೆ ಸರ್ವಿಸ್ ರಸ್ತೆಯಲ್ಲೇ ಬರಬೇಕು.

ಪಾಲಿಕೆಯ ಪೇ ಅಂಡ್ ಪಾರ್ಕ್ ಜಾಗಗಳಲ್ಲಿ ವಿಕಲಚೇತನರಿಗೆ ಶುಲ್ಕ ಉಂಟಾ ಇಲ್ಲವಾ ಅನ್ನುವುದು ಗುತ್ತಿಗೆಯ ಷರತ್ತಿನಲ್ಲಿರುತ್ತದೆ. ರಸೀದಿ ಹರಿಯುವವರ ಬಾಯಿಮಾತು ನಂಬಬೇಡಿ. 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಟೆಂಡರ್ ಷರತ್ತಿನ ಪ್ರತಿ ಕೇಳಿ, 30 ದಿನದಲ್ಲಿ ಕೊಡಬೇಕು.

ಕೊನೆಗೆ ಆ ಚಕ್ರದ ಲಾಕ್. ಮೋಟಾರು ವಾಹನ ಕಾಯ್ದೆಯ 127ನೇ ಸೆಕ್ಷನ್ ಪ್ರಕಾರ ಗಾಡಿಗೆ ಲಾಕ್ ಹಾಕಿಸುವ, ಎಳೆದೊಯ್ಯಿಸುವ ಅಧಿಕಾರ ಇರುವುದು ಆ ವ್ಯಾಪ್ತಿಯ, ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿಗೆ. ಆಸ್ಪತ್ರೆಯ ಸೆಕ್ಯೂರಿಟಿಯವರು ರಸ್ತೆಯಲ್ಲಿ ನಿಂತ ಕಾರಿಗೆ ಹಾಕುವಂತಿಲ್ಲ. ನಿಮ್ಮ ರಸೀದಿ ತೆಗೆದು ನೋಡಿ, ಅದರಲ್ಲಿ ಪೊಲೀಸ್ ಠಾಣೆಯ ಹೆಸರು, ಗಾಡಿ ನಂಬರ್, ಸೆಕ್ಷನ್ ಇರಬೇಕು. 177ನೇ ಸೆಕ್ಷನ್ ಪ್ರಕಾರ ಮೊದಲ ತಪ್ಪಿಗೆ ಕೋರ್ಟು ಹಾಕಬಹುದಾದ ದಂಡ 500 ರೂಪಾಯಿವರೆಗೆ, ಮತ್ತೆ ಮಾಡಿದರೆ 1,500ರವರೆಗೆ. ಸ್ಥಳದಲ್ಲೇ ಕಟ್ಟಿ ಮುಗಿಸುವ ಮೊತ್ತವನ್ನು ರಾಜ್ಯ ಸರ್ಕಾರ ನಿಗದಿ ಮಾಡುತ್ತದೆ. ಕಟ್ಟಿದ್ದಾಗಿದೆ, ಹಾಗಾಗಿ ಆ ಪ್ರಕರಣ ಮುಗಿಯಿತು. ಮುಂದೆಂದಾದರೂ, ಮೇಲೆ ಹೇಳಿದ ನಿಷೇಧದ ಜಾಗ ಅಲ್ಲದಿದ್ದಾಗ, ಬೋರ್ಡೇ ಇಲ್ಲದ ಅಥವಾ ಮರದ ಕೊಂಬೆಯಲ್ಲಿ ಮುಚ್ಚಿಹೋದ ಕಡೆ ದಂಡ ಹಾಕಿದರೆ ಸ್ಥಳದಲ್ಲಿ ಕಟ್ಟಬೇಡಿ. ಫೋಟೋ ತೆಗೆದಿಟ್ಟುಕೊಳ್ಳಿ, ಕೋರ್ಟಿನಲ್ಲಿ ಹೇಳಿಕೊಳ್ಳುವ ಅವಕಾಶ ನಿಮಗಿದೆ. ಈ ಸಲದ ರಸೀದಿಯನ್ನೂ ಬಿಸಾಡಬೇಡಿ. ಮೀಸಲು ಜಾಗ ಸಿಗದೆ ರಸ್ತೆಗೆ ಹೋಗಬೇಕಾಯಿತು ಅನ್ನುವುದಕ್ಕೆ ಅದೇ ಸಾಕ್ಷಿ, ಆಸ್ಪತ್ರೆಗೆ ಬರೆಯುವ ಪತ್ರಕ್ಕೆ ಅದರ ಪ್ರತಿಯನ್ನು ಜೋಡಿಸಿ.